ಮೂಕಿ ವಸಂತಸೇನೆಯ ಹುಡುಕಾಟ

ಕೊಟ್ಟೂರಿನ ತೇರು, ಮೈಲಾರದ ಕಾರಣಿಕ ಎಂದೊಡನೆ ಭಕ್ತರ ಜೊತೆಗೆ ನಾಟಕ ಕಂಪನಿಯ ಡೇರೆಯೂ ನೆನಪಾಗುತ್ತದೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳು 2021ರಲ್ಲಿ ಬಳ್ಳಾರಿಯಿಂದ ಬೇರ್ಪಟ್ಟು ವಿಜಯನಗರ ಜಿಲ್ಲೆಯ ಪಾಲಾದವು. ಗಡಿ ಬದಲಾಯಿತು, ಈ ಸೀಮೆಯ ನಾಟಕದ ಗೀಳು ಬದಲಾಗಲಿಲ್ಲ. ಈ ವರ್ಷ ನಿಂತುಹೋದ ನಾಟಕ ಮರುವರ್ಷ ಬೇರೆ ನಟರ ಮೈಯಲ್ಲಿ ಮತ್ತೆ ಜೀವ ತಳೆಯುತ್ತದೆ. ಆದರೆ ಚಲನಚಿತ್ರಕ್ಕೆ ಆ ಭಾಗ್ಯವಿಲ್ಲ. ಸುರುಳಿ ನಾಶವಾದರೆ ಚಿತ್ರವೂ ಇಲ್ಲ.

ಕನ್ನಡಿಗರು ಹೀಗೆ ಕಳೆದುಕೊಂಡ ಚಿತ್ರಗಳಲ್ಲಿ ‘ವಸಂತಸೇನಾ’ ಒಂದು. 1930ರ ಆಸುಪಾಸಿನಲ್ಲಿ ಮೋಹನ್ ಭವನಾನಿ ನಿರ್ದೇಶಿಸಿದ ಈ ಮೂಕಿ ಚಿತ್ರವನ್ನು ಕೆಲವರು ‘ಮೃಚ್ಛಕಟಿಕ’ ಎಂಬ ಹೆಸರಿನಿಂದಲೂ ಗುರುತಿಸುತ್ತಾರೆ. ಏಣಾಕ್ಷಿ ರಾಮರಾವ್, ಟಿ.ಪಿ. ಕೈಲಾಸಂ, ಕಮಲಾದೇವಿ ಚಟ್ಟೋಪಾಧ್ಯಾಯ ಇದರಲ್ಲಿ ನಟಿಸಿದ್ದರು. ಮರ್ಯಾದಸ್ಥ ಮನೆತನದ ಹೆಣ್ಣುಮಕ್ಕಳು ಬಣ್ಣ ಹಚ್ಚುವುದನ್ನು ಸಮಾಜ ಸಹಿಸದಿದ್ದ ಕಾಲದಲ್ಲಿ ಮಂಗಳೂರಿನ ಕಮಲಾದೇವಿ ತೋರಿದ ಧೈರ್ಯ ಸಣ್ಣದಲ್ಲ. ಆಡುಮಾತಿನ ಸೊಗಸಿನಿಂದಲೇ ಕನ್ನಡ ರಂಗಭೂಮಿಯ ದಿಕ್ಕು ಬದಲಿಸಿದ ಕೈಲಾಸಂ ಮಾತೇ ಇಲ್ಲದ ಚಿತ್ರದಲ್ಲಿ ಹೇಗಿದ್ದಿರಬಹುದು ಎಂಬ ಕುತೂಹಲವಂತೂ ಇಂದಿಗೂ ತಣಿದಿಲ್ಲ.

ಚಿತ್ರಕ್ಕೆ ಆಧಾರವಾದದ್ದು ಶೂದ್ರಕನ ಹತ್ತು ಅಂಕಗಳ ಸಂಸ್ಕೃತ ನಾಟಕ. ಅದನ್ನು ಪ್ರೇಮಕಥೆಯೆಂದು ಓದುವವರೇ ಹೆಚ್ಚು. ಆದರೆ ಅದರ ಹಂದರ ಪತ್ತೇದಾರಿ ಕಥೆಯದು. ಗೋಡೆಗೆ ಯಾವ ಆಕಾರದ ಕನ್ನ ಕೊರೆದರೆ ಚೆಂದ ಎಂದು ಚಿಂತಿಸುವ ಕಳ್ಳ ಶರ್ವಿಲಕ, ಅದಲುಬದಲಾಗುವ ಬಂಡಿಗಳು, ಉದ್ಯಾನದಲ್ಲಿ ವಸಂತಸೇನೆಯ ಕತ್ತು ಹಿಸುಕುವ ಶಕಾರ, ಬಳಿಕ ಅವನೇ ನ್ಯಾಯಾಲಯಕ್ಕೆ ಬಂದು ಚಾರುದತ್ತನ ಮೇಲೆ ಹೊರಿಸುವ ಕೊಲೆ ಆರೋಪ. ಗೆಳೆಯ ಮೈತ್ರೇಯನ ಕಂಕುಳಿನಿಂದ ಜಾರಿಬಿದ್ದ ಒಡವೆಗಳೇ ಸಾಕ್ಷಿಯಾಗುತ್ತವೆ. ಉದ್ಯಾನದಲ್ಲಿ ಕಂಡ ಯಾವಳೋ ಹೆಂಗಸಿನ ಹೆಣ ವಸಂತಸೇನೆಯದೆಂದು ತೀರ್ಮಾನವಾಗುತ್ತದೆ. ಸಾಕ್ಷ್ಯಗಳೆಲ್ಲ ಕಣ್ಣೆದುರಿಗಿದ್ದೂ ತೀರ್ಪು ತಪ್ಪುತ್ತದೆ.

ಕೊಲೆಗಾರ ಯಾರೆಂದು ಪ್ರೇಕ್ಷಕನಿಗೆ ಗೊತ್ತು, ನ್ಯಾಯಾಧೀಶನಿಗೆ ಗೊತ್ತಿಲ್ಲ. ಈ ಆತಂಕಕ್ಕೆ ಮಾತು ಬೇಕಿಲ್ಲ, ಕ್ಯಾಮೆರಾ ಸಾಕು. ಶಕಾರನ ಕಥೆಯೇ ಬೇರೆ. ‘ಸ’ಕಾರವನ್ನು ‘ಶ’ಕಾರವಾಗಿ ನುಡಿಯುವುದೇ ಅವನ ಗುರುತು, ಹೆಸರಿಗೂ ಮೂಲ. ಸದ್ದಿಲ್ಲದ ಪರದೆಯ ಮೇಲೆ ಆ ನಗೆಯನ್ನು ಹೇಗೆ ಮೂಡಿಸಿದ್ದರು? ನೋಡಿ ತಿಳಿಯೋಣವೆಂದರೆ ಚಿತ್ರವಿಲ್ಲ. 1941ರಲ್ಲಿ ಸುಬ್ಬಯ್ಯ ನಾಯ್ಡು, ಆರ್. ನಾಗೇಂದ್ರರಾಯರು ಅದೇ ಕಥೆಯನ್ನು ಕನ್ನಡ ವಾಕ್ಚಿತ್ರವಾಗಿ ಕಾಣಿಸಿದರು. ಅದು ಬೇರೆಯೇ ಕೃತಿ.

ಮೂಕಿ ಚಿತ್ರಗಳ ನಾಶಕ್ಕೆ ಕಾರಣಗಳು ನಿಗೂಢವೇನಲ್ಲ. 1931ರಲ್ಲಿ ‘ಆಲಂ ಆರಾ’ ಮಾತನಾಡತೊಡಗಿದ ಮೇಲೆ ಅವುಗಳಿಗೆ ಮಾರುಕಟ್ಟೆ ಉಳಿಯಲಿಲ್ಲ. ಅಂದಿನ ನೈಟ್ರೇಟ್ ಸುರುಳಿ ಬಲುಬೇಗ ಬೆಂಕಿಗೆ ತುತ್ತಾಗುವಂಥದು. ಬೆಂಕಿ ತಗುಲದಿದ್ದರೂ ಕಾಲಕ್ರಮದಲ್ಲಿ ಅಂಟಾಗಿ, ಕೊನೆಗೆ ಪುಡಿಯಾಗುತ್ತದೆ. ಬೆಳ್ಳಿಯ ಆಸೆಗೆ ಕರಗಿಸಿದ ಸುರುಳಿಗಳೂ ಇವೆ. ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಆರಂಭವಾದದ್ದು 1964ರಲ್ಲಿ. ಅಷ್ಟರಲ್ಲಿ ಸಾವಿರಕ್ಕೂ ಮಿಕ್ಕಿದ ಭಾರತೀಯ ಮೂಕಿ ಚಿತ್ರಗಳ ಬಹುಪಾಲು ಕಣ್ಮರೆಯಾಗಿತ್ತು. ಕನ್ನಡದ ಮೊದಲ ವಾಕ್ಚಿತ್ರ, 1934ರ ‘ಸತಿ ಸುಲೋಚನ’ವೂ ಉಳಿದಿಲ್ಲ.

ಆದರೆ ನಾಟಕದ ಕೊನೆಯಲ್ಲಿ ಒಂದು ಭರವಸೆಯಿದೆ. ಚಾರುದತ್ತ ವಧ್ಯಸ್ಥಾನದಲ್ಲಿ ನಿಂತಿರುವಾಗ, ಸತ್ತಳೆಂದು ಎಲ್ಲರೂ ನಂಬಿದ್ದ ವಸಂತಸೇನೆ ಭಿಕ್ಷುವೊಬ್ಬನ ಜೊತೆ ಜೀವಂತವಾಗಿ ಬರುತ್ತಾಳೆ. ಚಿತ್ರಲೋಕದಲ್ಲೂ ಅಂಥ ಪವಾಡಗಳು ನಡೆದಿವೆ. 1933ರ ‘ಮಾರ್ತಾಂಡ ವರ್ಮ’ ಹಕ್ಕುಸ್ವಾಮ್ಯದ ವ್ಯಾಜ್ಯಕ್ಕೆ ಸಿಲುಕಿ ತಿರುವನಂತಪುರದ ಪ್ರಕಾಶನ ಸಂಸ್ಥೆಯೊಂದರ ವಶದಲ್ಲಿತ್ತು. 1974ರಲ್ಲಿ ಅದು ಪುಣೆಯ ಸಂಗ್ರಹಾಲಯ ಸೇರಿತು. 1919ರ ‘ಬಿಲ್ವಮಂಗಲ’ದ ಉಳಿದ ಭಾಗ 2016ರಲ್ಲಿ ಫ್ರಾನ್ಸಿನಿಂದ ಮರಳಿತು.

ಸುರುಳಿಯ ದಾರಿ ಕಾಯುವುದರ ಜೊತೆಗೆ ಮಾಡಬಹುದಾದ ಕೆಲಸವೊಂದು ನಮ್ಮ ಮನೆಬಾಗಿಲಲ್ಲೇ ಇದೆ. ನಾಟಕಕ್ಕೆ ಮರುಜನ್ಮವಿದೆ ಎಂಬ ನಂಬಿಕೆ ಅರ್ಧಸತ್ಯ; ಹಸ್ತಪ್ರತಿ ಗೆದ್ದಲ ಪಾಲಾದರೆ ಅದೂ ಸಾಯುತ್ತದೆ. ಈ ತಾಲ್ಲೂಕುಗಳ ಹಳೆಯ ಮನೆಗಳ ಟ್ರಂಕುಗಳಲ್ಲಿ ಕಂಪನಿಗಳ ಕರಪತ್ರ, ಹಾರ್ಮೋನಿಯಂ ಮಾಸ್ತರರ ಕೈಬರಹದ ಪುಸ್ತಕ, ಪಾತ್ರಧಾರಿಗಳ ಭಾವಚಿತ್ರಗಳಿದ್ದರೆ ಅವನ್ನು ರದ್ದಿಗೆ ಹಾಕುವ ಮುನ್ನ ಯೋಚಿಸಬೇಕು. ಎಂ.ಪಿ. ಪ್ರಕಾಶ್ ಹಡಗಲಿಯಲ್ಲಿ ಕಟ್ಟಿದ ‘ರಂಗಭಾರತಿ’ಯಂಥ ಮಾದರಿ ಕಣ್ಮುಂದಿದೆ, ಹಂಪಿಯ ಕನ್ನಡ ವಿಶ್ವವಿದ್ಯಾಲಯ ಇದೇ ಜಿಲ್ಲೆಯಲ್ಲಿದೆ. ಊರೂರಿನ ರಂಗಾಸಕ್ತರು ಹುಡುಕಿ ಕೊಟ್ಟು, ವಿಶ್ವವಿದ್ಯಾಲಯ ಪಡೆದು ಕಾಪಾಡಿದರೆ ಮುಂದಿನವರು ನಮ್ಮ ರಂಗಭೂಮಿಯ ಬಗ್ಗೆ ಊಹಾಪೋಹಕ್ಕೆ ಇಳಿಯಬೇಕಾಗಿಲ್ಲ. ಮೂಕಿ ವಸಂತಸೇನೆಯ ಬಗ್ಗೆ ನಮಗಿಂದು ಉಳಿದಿರುವುದು ಅಷ್ಟೇ ತಾನೆ.