ನೀರಿನ ಸರದಿಯಲ್ಲಿ ಬೆಳೆದ ಊರುಗಳು

ಅಮೆರಿಕ ಸಂಯುಕ್ತ ಸಂಸ್ಥಾನಗಳ ನೈಋತ್ಯ ಭಾಗವೆಂದೊಡನೆ ನಮ್ಮಲ್ಲಿ ಅನೇಕರಿಗೆ ಚಲಚ್ಚಿತ್ರಗಳಲ್ಲಿ ಕಂಡ ಕುದುರೆಸವಾರರೂ ಕೆಂಬಂಡೆಗಳೂ ನೆನಪಾಗುವುದು ಸಹಜ. ಆ ನಾಡಿನ ಬಾಳನ್ನು ಬಂದೂಕಕ್ಕಿಂತ ಮಿಗಿಲಾಗಿ ರೂಪಿಸಿರುವುದು ನೀರಿನ ಅಭಾವ. ನ್ಯೂ ಮೆಕ್ಸಿಕೋದ ರಾಜಧಾನಿಯಾದ ಸಾಂಟಾ ಫೇ ಸುಮಾರು ೭,೦೦೦ ಅಡಿ ಎತ್ತರದಲ್ಲಿದ್ದರೂ ಅಲ್ಲಿ ವರ್ಷಕ್ಕೆ ಬೀಳುವ ಮಳೆ ಹದಿನಾಲ್ಕು ಅಂಗುಲದ ಆಸುಪಾಸು. ಮೈಸೂರು ನಗರದ ಮಳೆಯ ಅರ್ಧದಷ್ಟು.

ಇಷ್ಟರಲ್ಲಿಯೇ ಬೆಳೆ ತೆಗೆದವರುಂಟು. ನೆರೆಯ ಆರಿಜೋನಾದ ಚಪ್ಪಟೆಗುಡ್ಡಗಳ ಮೇಲೆ ವಾಸಿಸುವ ಹೋಪಿ ಜನರು ಕಾಲುವೆಯ ನೆರವಿಲ್ಲದೆ ಮರಳು ನೆಲದಲ್ಲಿ ಮುಸುಕಿನ ಜೋಳವನ್ನು ಬೆಳೆಯುತ್ತಾರೆ. ಚಳಿಗಾಲದ ಹಿಮದ ತೇವವು ನೆಲದ ಆಳದಲ್ಲಿ ಉಳಿದಿರುವುದರಿಂದ ಬೀಜವನ್ನು ಒಂದಡಿಯವರೆಗೂ ಆಳಕ್ಕೆ ಇಳಿಸಿ, ಗುಣಿಗೂ ಗುಣಿಗೂ ನಡುವೆ ಹಲವು ಹೆಜ್ಜೆಗಳ ಅಂತರ ಬಿಡುವುದು ಅವರ ಪದ್ಧತಿ. ಅಷ್ಟು ಆಳದಿಂದ ಮೊಳಕೆಯನ್ನು ಮೇಲಕ್ಕೆ ನೂಕಬಲ್ಲ ತಳಿಯನ್ನೂ ಅವರು ತಲೆಮಾರುಗಳಿಂದ ಕಾಪಾಡಿಕೊಂಡು ಬಂದಿದ್ದಾರೆ.

ಉತ್ತರ ನ್ಯೂ ಮೆಕ್ಸಿಕೋದ ಕಣಿವೆಗಳ ಕಥೆ ಬೇರೆ. ರಿಯೋ ಗ್ರಾಂಡೆ ನದಿಯ ದಡದಲ್ಲಿದ್ದ ಪ್ವೆಬ್ಲೋ ಜನರಿಗೆ ನೀರಾವರಿ ಮೊದಲೇ ತಿಳಿದಿತ್ತು. ೧೫೯೮ರಲ್ಲಿ ಬಂದು ನೆಲಸಿದ ಸ್ಪಾನಿಷರು ತಮ್ಮ ನಾಡಿನ ಕಾಲುವೆಯ ಕಟ್ಟಳೆಗಳನ್ನು ತಂದರು. ಕಾಲುವೆಗೆ ಅವರಿಟ್ಟ ಹೆಸರು 'ಅಸೇಕಿಯ'. ಈ ಮಾತು ಸ್ಪಾನಿಷಿಗೆ ಬಂದುದು ಅರಬ್ಬಿಯಿಂದ. ಬೆಟ್ಟದ ಹಿಮ ಕರಗಿ ತೊರೆಗಳಲ್ಲಿ ಇಳಿದಾಗ, ಅದನ್ನು ಮೇಲ್ಗಡೆ ತಿರುಗಿಸಿಕೊಂಡು ಬರುವ ಮಣ್ಣಿನ ಕಾಲುವೆಯೇ ಇದು. ಅದರ ಕೆಳಗೆ ನದಿಯವರೆಗೆ ಹೊಲಗಳು. ತಂದೆಯ ಹೊಲವನ್ನು ಮಕ್ಕಳು ಹಂಚಿಕೊಳ್ಳುವಾಗ ಪ್ರತಿಯೊಬ್ಬರಿಗೂ ಕಾಲುವೆ ತಾಗಲೇಬೇಕು. ಆದುದರಿಂದ ನೆಲವನ್ನು ಉದ್ದುದ್ದವಾಗಿ ಸೀಳುತ್ತ ಬಂದು ಹೊಲಗಳು ಪಟ್ಟಿಗಳಂತಾದುವು.

ವರ್ಷಾರಂಭದ ವಸಂತದಲ್ಲಿ ಪಾಲುದಾರರೆಲ್ಲ ಗುದ್ದಲಿ ಹಿಡಿದು ಬಂದು ಹೂಳು ತೆಗೆಯಬೇಕು. ತಾನು ಬಾರದವನು ಆಳನ್ನಾದರೂ ಕಳುಹಿಸಬೇಕು. ನೀರಿನ ಸರದಿಯನ್ನು ಗೊತ್ತುಮಾಡುವವನು 'ಮಯೋರ್ದೋಮೊ'. ನಮ್ಮ ಕೆರೆಗಳ ನೀರಗಂಟಿಯನ್ನು ಬಲ್ಲವರಿಗೆ ಈತನು ಅಪರಿಚಿತನಲ್ಲ. ಆದರೆ ನೀರಗಂಟಿಯ ಕೆಲಸ ಬಹುಮಟ್ಟಿಗೆ ವಂಶಪಾರಂಪರ್ಯದ್ದು. ಮಯೋರ್ದೋಮೊನನ್ನು ಪಾಲುದಾರರೇ ಚುನಾಯಿಸುತ್ತಾರೆ. ನೀರು ಕಡಮೆಯಾದ ವರ್ಷದಲ್ಲಿ ಕೊರತೆಯನ್ನು ಎಲ್ಲರೂ ಹಂಚಿಕೊಳ್ಳುವುದು ಹಳೆಯ ರೂಢಿ. ಜಗಳಗಳಿಲ್ಲವೆಂದಲ್ಲ, ಕಾಲುವೆಯಿದ್ದಲ್ಲಿ ಜಗಳವಿಲ್ಲದ ದೇಶ ಯಾವುದು? ಆದರೆ ಇಂದು ಜಗಳವಾಡಿದ ನೆರೆಯವನೊಡನೆ ಮುಂದಿನ ವಸಂತದಲ್ಲಿ ಹೂಳು ತೆಗೆಯಬೇಕಾಗುವುದರಿಂದ ಅದಕ್ಕೊಂದು ಮಿತಿ ಉಂಟು.

೧೮೪೮ರಲ್ಲಿ ಈ ಪ್ರಾಂತವು ಮೆಕ್ಸಿಕೋದ ಕೈಯಿಂದ ಅಮೆರಿಕದ ಕೈ ಸೇರಿತು. ೧೯೦೭ರ ಜಲಶಾಸನದ ಮೇರೆಗೆ ನೀರಿನ ಹಕ್ಕನ್ನು ಭೂಮಿಯಿಂದ ಬೇರ್ಪಡಿಸಿ ಮಾರುವುದು ಸಾಧ್ಯವಾಯಿತು. ಬೆಳೆಯುತ್ತಿರುವ ನಗರಗಳಿಗೆ ನೀರು ಬೇಕು. ಹೊಲದ ಆದಾಯವಾದರೋ ಸ್ವಲ್ಪ. ಒಬ್ಬನು ತನ್ನ ಪಾಲನ್ನು ಮಾರಿದರೆ ಹೋಗುವುದು ಅವನ ನೀರಷ್ಟೇ ಅಲ್ಲ, ಹೂಳೆತ್ತುವ ಒಂದು ಜೊತೆ ಕೈಗಳೂ ಹೋಗುತ್ತವೆ. ಮಿಕ್ಕವರ ಹೊರೆ ಅಷ್ಟರಮಟ್ಟಿಗೆ ಏರುತ್ತದೆ. ಈ ಕಾರಣದಿಂದಲೇ, ಕಾಲುವೆಗೆ ಹಾನಿಕರವಾದ ಇಂಥ ವರ್ಗಾವಣೆಯನ್ನು ತಡೆಯುವ ಅಧಿಕಾರವನ್ನು ೨೦೦೩ರ ಕಾನೂನು ಅಸೇಕಿಯಗಳ ಕೈಗೆ ಕೊಟ್ಟಿತು. ನನ್ನ ಅಭಿಪ್ರಾಯದಲ್ಲಿ ಅದು ತಡವಾಗಿ ಬಂದ, ಆದರೂ ನ್ಯಾಯವಾದ ಕಾನೂನು.

ಮಾರಾಟವನ್ನು ಕಾನೂನು ತಡೆಯಬಹುದು, ಬೆಂಕಿಯನ್ನು ತಡೆಯಲಾರದು. ೨೦೨೨ರಲ್ಲಿ ಅರಣ್ಯ ಇಲಾಖೆಯವರೇ ಕಾಡನ್ನು ಶುದ್ಧಗೊಳಿಸಲೆಂದು ಹಚ್ಚಿದ ಬೆಂಕಿ ಹತೋಟಿ ಮೀರಿ, ಸುಮಾರು ೩,೪೧,೦೦೦ ಎಕರೆಗಳನ್ನು ಸುಟ್ಟಿತು. ಬೋಳಾದ ಬೆಟ್ಟಗಳ ಮೇಲೆ ಬೇಸಗೆಯ ಮಳೆ ಸುರಿದಾಗ ಬೂದಿಯೂ ಕೆಸರೂ ಮರದ ದಿಮ್ಮಿಗಳೂ ಇಳಿದು ಅನೇಕ ಕಾಲುವೆಗಳನ್ನು ಮುಚ್ಚಿಬಿಟ್ಟುವು. ಪಾಲುದಾರರ ಗುದ್ದಲಿಗಳಿಗೆ ಆ ಹೂಳು ಜಗ್ಗುವಂತಿರಲಿಲ್ಲ. ಯಂತ್ರಗಳೂ ಸರ್ಕಾರದ ಪರಿಹಾರದ ಹಣವೂ ಬೇಕಾದುವು.