ಮನೆಯಲ್ಲಿ ಮೊದಲ ಕಾಲೇಜು ಮೆಟ್ಟಿಲು



ಯೆರವಡಾದ ಗಲ್ಲಿಗಳಲ್ಲಿ ಸಂಜೆ ಹೊತ್ತು ನಡೆದರೆ ಮರಾಠಿಯ ನಡುವೆ ಕಲಬುರಗಿ, ಯಾದಗಿರಿ, ವಿಜಯಪುರ ಕಡೆಯ ಕನ್ನಡವೂ ಕಿವಿಗೆ ಬೀಳುತ್ತದೆ. ಅಂಥ ಒಂದು ಮನೆ ನಿಮ್ಮದೇ ಎಂದುಕೊಳ್ಳಿ. ಅಪ್ಪನಿಗೆ ಸೆಂಟ್ರಿಂಗ್ ಕೆಲಸ. ಅವ್ವನಿಗೆ ಕಲ್ಯಾಣಿನಗರದಲ್ಲಿ ನಾಲ್ಕು ಮನೆಗಳ ಕೆಲಸ. ಮಗಳು ಹನ್ನೆರಡನೇ ತರಗತಿ ಪಾಸು. ಈಗ ಕಾಲೇಜಿಗೆ ಹೊರಟಿದ್ದಾಳೆ, ಇಡೀ ಮನೆತನದಲ್ಲೇ ಮೊದಲನೆಯವಳಾಗಿ.

ಇಂಥವರಿಗೆ 'ಮೊದಲ ತಲೆಮಾರಿನ ವಿದ್ಯಾರ್ಥಿ' ಎನ್ನುತ್ತಾರೆ. ಅಮೆರಿಕದಲ್ಲಿ ಇವರಲ್ಲಿ ಅನೇಕರು ಮೊದಲು ಸೇರುವುದು ಕಮ್ಯುನಿಟಿ ಕಾಲೇಜಿಗೆ. ಮನೆಗೆ ಹತ್ತಿರ, ಶುಲ್ಕ ಕಡಿಮೆ, ಎರಡು ವರ್ಷದ ಓದು. 1901ರಲ್ಲಿ ಇಲಿನಾಯ್ಸ್‌ನ ಜೋಲಿಯೆಟ್‌ನಲ್ಲಿ ಇದು ಶುರುವಾಯಿತು. ನಮ್ಮಲ್ಲಿ 1995ರಲ್ಲಿ ಪಾಂಡಿಚೇರಿ ವಿಶ್ವವಿದ್ಯಾಲಯ ಮೊದಲ ಹೆಜ್ಜೆ ಇಟ್ಟಿತು. 2013ರಲ್ಲಿ ಯುಜಿಸಿ ತಂದ ಯೋಜನೆಯಲ್ಲಿ ಪಾಠದ ಶೇ. 60 ಭಾಗ ಕೈಕೆಲಸದ ಕೌಶಲ, ಶೇ. 40 ಭಾಗ ಸಾಮಾನ್ಯ ಶಿಕ್ಷಣ. ಇಂಥ ಕೋರ್ಸ್ ಸೇರುವ ಮೊದಲು ಎರಡು ಪ್ರಶ್ನೆ ಕೇಳಿ: ಇದಕ್ಕೆ ಯಾರ ಮಾನ್ಯತೆ ಇದೆ? ಇಲ್ಲಿ ಗಳಿಸಿದ ಕ್ರೆಡಿಟ್ ಮುಂದೆ ಡಿಗ್ರಿಗೆ ಸೇರುತ್ತದೆಯೇ?

ಸರಿ, ಸೀಟು ಸಿಕ್ಕಿತು. ಇನ್ನು ಕಷ್ಟ ಎಲ್ಲಿ? ಪುಸ್ತಕದಲ್ಲಿ ಅಲ್ಲ, ಯಾರೂ ಹೇಳಿಕೊಡದ ವಿಷಯಗಳಲ್ಲಿ. ಓದಿದವರ ಮನೆಯಲ್ಲಿ ಅಣ್ಣನೋ ಅತ್ತೆಯೋ ಊಟದ ಹೊತ್ತಿಗೆ ಹೇಳಿಬಿಡುವ ಮಾತುಗಳು ನಿಮ್ಮ ಮಗಳಿಗೆ ಸಿಗುವುದಿಲ್ಲ.

ಒಂದು ಉದಾಹರಣೆ ನೋಡಿ. ಫಲಿತಾಂಶದಲ್ಲಿ 'ಎಟಿಕೆಟಿ' ಎಂದು ಬರುತ್ತದೆ. ಮಗಳು ಫೇಲಾದಳು ಎಂದುಕೊಂಡು "ಸಾಕು, ಇನ್ನು ಕೆಲಸಕ್ಕೆ ಹೋಗು" ಎನ್ನುತ್ತೀರಿ. ಆದರೆ ಅದರ ಅರ್ಥ ಬೇರೆ. ಕೆಲವು ವಿಷಯ ಉಳಿದಿದ್ದರೂ ಮುಂದಿನ ತರಗತಿಗೆ ಹೋಗಬಹುದು, ಉಳಿದದ್ದನ್ನು ಆಮೇಲೆ ಬರೆದು ಮುಗಿಸಬಹುದು. ಹಾಗೆಯೇ ಹಾಜರಿ. ಸಾಮಾನ್ಯವಾಗಿ ಶೇ. 75 ಬೇಕು. ಜಾತ್ರೆ, ಮದುವೆ ಎಂದು ಊರಿಗೆ ಹೋಗಿ ಹದಿನೈದು ದಿನ ಉಳಿದರೆ ಅಲ್ಲೇ ಪೆಟ್ಟು ಬೀಳುತ್ತದೆ.

ಎಲ್ಲಕ್ಕಿಂತ ದೊಡ್ಡ ಗಂಟು ಕಾಗದಪತ್ರದ್ದು. ಪರಿಶಿಷ್ಟ ಜಾತಿ ಅಥವಾ ಪಂಗಡದವರು ತಾವಾಗಿ ಬೇರೆ ರಾಜ್ಯಕ್ಕೆ ಹೋಗಿ ನೆಲೆಸಿದರೆ ಊರಿನ ಮೀಸಲಾತಿ ಅವರ ಬೆನ್ನಿಗೆ ಬರುವುದಿಲ್ಲ. 1990ರಲ್ಲಿ ಮುಂಬಯಿಯ ವೈದ್ಯಕೀಯ ಕಾಲೇಜಿನ ಸೀಟಿಗೆ ಸಂಬಂಧಿಸಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೀಗೆಂದು ತೀರ್ಪು ಕೊಟ್ಟಿತು. ಪ್ರವೇಶದ ದಿನ ಕಿಟಕಿಯ ಮುಂದೆ ನಿಂತಾಗ ಇದು ಗೊತ್ತಾದರೆ ಎದೆ ಒಡೆಯುತ್ತದೆ.

ಹಾಗೆಂದು ದಾರಿ ಪೂರ್ತಿ ಮುಚ್ಚಿಲ್ಲ. ಕೇಂದ್ರದ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನದಲ್ಲಿ, ಹೊರರಾಜ್ಯದಲ್ಲಿ ಓದುವ ಪರಿಶಿಷ್ಟ ಜಾತಿಯ ಮಕ್ಕಳಿಗೆ ಹಣ ಕೊಡಬೇಕಾದದ್ದು ಅವರ ಮೂಲ ರಾಜ್ಯ. ಆದ್ದರಿಂದ ಮುಂದಿನ ಸಲ ಪಂಚಮಿಗೆ ಊರಿಗೆ ಹೋದಾಗ ನಾಡಕಚೇರಿಗೂ ಹೋಗಿ ಬನ್ನಿ. ಜಾತಿ ಮತ್ತು ಆದಾಯದ ಪ್ರಮಾಣಪತ್ರ ಮಾಡಿಸಿ. ಶಾಲೆಯ ಲೀವಿಂಗ್ ಸರ್ಟಿಫಿಕೇಟ್, ಅಂಕಪಟ್ಟಿ, ಆಧಾರ್ ಎಲ್ಲವನ್ನೂ ಒಂದೇ ಫೈಲಿನಲ್ಲಿಡಿ. ಎಲ್ಲದರಲ್ಲೂ ಹೆಸರಿನ ಕಾಗುಣಿತ ಒಂದೇ ಇದೆಯೇ ಎಂದು ಮಗಳಿಂದಲೇ ಓದಿಸಿ ನೋಡಿ.

"ನಮಗೆ ಓದು ಬರದು, ನಾವೇನು ಮಾಡೋಣ?" ಎನ್ನಬೇಡಿ. ಪರೀಕ್ಷೆಯ ತಿಂಗಳು ಅವಳಿಂದ ನೀರು ತುಂಬುವ ಕೆಲಸ ತಪ್ಪಿಸಿ. ರಾತ್ರಿ ಒಂದು ಗಂಟೆ ಟಿವಿ ಆರಿಸಿ. "ಇವತ್ತು ಏನು ಹೇಳಿಕೊಟ್ಟರು?" ಎಂದು ಕೇಳಿ, ಅರ್ಥವಾಗದಿದ್ದರೂ ಕೇಳಿ. ಕಾಲೇಜಿನಲ್ಲಿ ಬಾಯಿಬಿಟ್ಟು ಕೇಳಲು ನಾಚಬಾರದು ಎಂದು ಅವಳಿಗೂ ಹೇಳಿ.

ಅಂದ ಹಾಗೆ, ಇದೇ ಪುಣೆಯ ಭಿಡೆ ವಾಡಾದಲ್ಲಿ 1848ರಲ್ಲಿ ಫುಲೆ ದಂಪತಿ ಹೆಣ್ಣುಮಕ್ಕಳ ಶಾಲೆ ತೆರೆದರು. ಅವರ ಶಾಲೆಯಲ್ಲಿ ಕಲಿತ ಮಾಂಗ ಸಮುದಾಯದ ಮುಕ್ತಾ ಸಾಳ್ವೆ ತನ್ನ ಜನರ ದುಃಖದ ಬಗ್ಗೆ ಬರೆದ ಪ್ರಬಂಧ 1855ರಲ್ಲಿ 'ಜ್ಞಾನೋದಯ' ಪತ್ರಿಕೆಯಲ್ಲಿ ಅಚ್ಚಾಯಿತು. ಆಗ ಅವಳಿಗೆ 14 ವರ್ಷ, ಶಾಲೆಗೆ ಹೋಗಿದ್ದು ಬರೀ ಮೂರು ವರ್ಷ.

ನಿಮ್ಮ ಓಣಿಯಲ್ಲಿ ಈ ವರ್ಷ ಕಾಲೇಜು ಸೇರಿದವರಿದ್ದರೆ ಈ ಪುಟ ಅವರ ಮನೆಯಲ್ಲೂ ಒಮ್ಮೆ ಓದಿ ಹೇಳಿ.