ಅಮೃತಮಹಲ್: ಒಂದು ಹಿಂಡಿನ ಗುರಿ

ದನಗಳ ಹಿಂಡನ್ನು ಕಟ್ಟಲು ಹೊರಟವನು ಮೊಟ್ಟಮೊದಲು ಉತ್ತರಿಸಬೇಕಾದ ಪ್ರಶ್ನೆಯೊಂದುಂಟು: ಈ ಹಿಂಡು ಯಾವುದಕ್ಕಾಗಿ? ಹಾಲಿಗೋ, ಮಾಂಸಕ್ಕೋ, ದುಡಿಮೆಗೋ? ಮೂರನ್ನೂ ಒಂದೇ ತಳಿಯಿಂದ ಹೇರಳವಾಗಿ ಪಡೆಯುವ ಆಸೆ ಸಾಮಾನ್ಯವಾಗಿ ಕೈಗೂಡುವುದಿಲ್ಲ. ಮಾಂಸಕ್ಕಾಗಿ ದನ ಸಾಕುವ ಅಮೆರಿಕದ ರೈತನು ಹಾಲು ಬಿಟ್ಟ ಕರುವಿನ ತೂಕವನ್ನು ನೋಡುತ್ತಾನೆ. ನಮ್ಮ ಮೈಸೂರಿನ ಅರಸರು ನೋಡಿದ್ದು ಕಾಲಿನ ವೇಗವನ್ನು.

ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಈ ಹಿಂಡುಗಳನ್ನು ನೋಡಿಕೊಳ್ಳುತ್ತಿದ್ದ ಇಲಾಖೆಗೆ ಬೆಣ್ಣೆ ಚಾವಡಿಯೆಂದು ಹೆಸರು. ಅರಮನೆಗೆ ಹಾಲು ಬೆಣ್ಣೆಗಳನ್ನು ಒದಗಿಸುವುದು ಅದರ ಕೆಲಸ. ಹೈದರನ ಕೈಯಲ್ಲಿ ಗುರಿ ಬದಲಾಯಿತು. ಫಿರಂಗಿಗಳನ್ನೂ ದಂಡಿನ ಸಾಮಾನನ್ನೂ ಎಳೆಯುವ ಎತ್ತುಗಳು ಅವನಿಗೆ ಬೇಕಾಗಿದ್ದವು. ಚಿದಂಬರದ ನೆರವಿಗಾಗಿ ಅವನ ಸೈನ್ಯ ಎರಡೂವರೆ ದಿನಗಳಲ್ಲಿ ನೂರು ಮೈಲಿ ಸಾಗಿದ್ದು ಈ ಎತ್ತುಗಳ ಬಲದಿಂದಲೇ ಎಂದು ಇತಿಹಾಸಕಾರರು ಬರೆದಿದ್ದಾರೆ. ಟಿಪ್ಪು ಸುಲ್ತಾನನು ಇಲಾಖೆಗೆ ಅಮೃತಮಹಲ್ ಎಂದು ಹೊಸ ಹೆಸರಿಟ್ಟನು. ಹೆಸರಿನಲ್ಲಿ ಅಮೃತವಿದ್ದರೂ ಕೆಲಸ ಮಾತ್ರ ಫಿರಂಗಿಯದು!

ಗುರಿ ನಿಶ್ಚಿತವಾದ ಮೇಲೆ ಪಾಲನೆಯ ಕ್ರಮವೆಲ್ಲ ಅದನ್ನೇ ಅನುಸರಿಸಿತು. ಹಸುವಿನ ಹಾಲನ್ನು ಕರುವಿಗೇ ಬಿಡುತ್ತಿದ್ದರು. ಎಳವೆಯಲ್ಲಿ ಹಾಲುಂಡ ಕರುವಲ್ಲವೇ ಮುಂದೆ ಗಟ್ಟಿಯಾದ ಎತ್ತಾಗುವುದು? ಹಿಂಡುಗಳನ್ನು ಕೊಟ್ಟಿಗೆಯಲ್ಲಿ ಕಟ್ಟದೆ ವಿಶಾಲವಾದ ಕಾವಲುಗಳಲ್ಲಿ ಮೇಯಿಸುತ್ತಿದ್ದರು. ಬೇಸಗೆಗೊಂದು, ಮಳೆಗಾಲಕ್ಕೊಂದು, ಚಳಿಗಾಲಕ್ಕೊಂದು ಎಂದು ಕಾವಲುಗಳನ್ನು ವಿಂಗಡಿಸಿದ್ದರು. ನೀರು ನೆರಳುಗಳಿರುವ ಹುಲ್ಲುಗಾವಲನ್ನು ಬೇಸಗೆಗೆಂದೇ ಕಾದಿರಿಸುವ ಈ ಏರ್ಪಾಡನ್ನು ನಾನು ಆ ಕಾಲದ ಅತ್ಯಂತ ವಿವೇಕದ ಆಡಳಿತವೆಂದು ಭಾವಿಸುತ್ತೇನೆ.

1799ರ ಬಳಿಕ ಹಿಂಡು ಆಂಗ್ಲರ ವಶವಾಯಿತು. ಸರಕಾರವು ಮಿತವ್ಯಯದ ಹೆಸರಿನಲ್ಲಿ 1860ರಲ್ಲಿ ಅದನ್ನು ಮಾರಿಬಿಟ್ಟಿತು. ಆಳುವವರು ಲೆಕ್ಕ ಹಾಕಿದ್ದು ಖರ್ಚನ್ನು ಮಾತ್ರ. ಒಳ್ಳೆಯ ಎತ್ತುಗಳು ಸಿಗುವುದು ದುರ್ಲಭವಾದಾಗ ಕಣ್ಣು ತೆರೆಯಿತು. 1866ರಲ್ಲಿ ಸುಮಾರು 5,900 ಹಸುಗಳನ್ನೂ 100 ಬೀಜದ ಹೋರಿಗಳನ್ನೂ ಕಲೆಹಾಕಿ ಹಿಂಡನ್ನು ಮತ್ತೆ ಕಟ್ಟಬೇಕಾಯಿತು. ಅದಕ್ಕೆ ತಗುಲಿದ ವೆಚ್ಚವೂ ಅಲ್ಪವಲ್ಲ.

ಇಂದು ಫಿರಂಗಿ ಎಳೆಯುವ ಕೆಲಸವಿಲ್ಲ; ಹೊಲದಲ್ಲಿ ಟ್ರ್ಯಾಕ್ಟರು ಬಂದಿದೆ. ಅಜ್ಜಂಪುರದ ತಳಿ ಸಂವರ್ಧನ ಕೇಂದ್ರದಲ್ಲಿ ಉಳಿದಿರುವ ಹಿಂಡಿಗೆ ಈಗ ತಳಿಯನ್ನು ಶುದ್ಧವಾಗಿ ಉಳಿಸುವುದೇ ಮೊದಲ ಗುರಿ. ಇದಕ್ಕೆ ಕರುಗಳ ಲೆಕ್ಕ ಮುಖ್ಯ. ಹಸುವಿನ ಗರ್ಭಾವಧಿ ಸುಮಾರು 280 ದಿನ. ವರ್ಷಕ್ಕೊಂದು ಕರು ಬೇಕಾದರೆ ಈದ 85 ದಿನಗಳೊಳಗಾಗಿ ಅದು ಮತ್ತೆ ಗಬ್ಬವಾಗಬೇಕು. ಹಾಲೂಡಿಸುತ್ತ ಬಡಕಲಾದ ಹಸು ಬೇಗ ಬೆದೆಗೆ ಬರುವುದಿಲ್ಲ. ಅದು ಮೈತುಂಬಿಕೊಳ್ಳಲು ಹುಲ್ಲು ಬೇಕು, ಹುಲ್ಲಿಗೆ ಕಾವಲು ಬೇಕು. ಆ ಕಾವಲುಗಳೋ, ಒತ್ತುವರಿಯಾಗಿ ವರ್ಷದಿಂದ ವರ್ಷಕ್ಕೆ ಕಿರಿದಾಗುತ್ತಿವೆ.